ಗುರುತು ಹಾಕುವ ಮುನ್ನ ಅಳಿಸುವುದನ್ನು ಕಲಿಯೋಣ



ವಾರ್ತಾಪತ್ರದ ಈ ಸಂಚಿಕೆಗೆ ರಸಾಯನಶಾಸ್ತ್ರದ ಒಂದು ಪಾಠ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದರು. ಪರೀಕ್ಷೆಗೆ ಬರುವಂಥ ಪ್ರಶ್ನೆಗಳನ್ನೇ ಬರೆದುಕೊಡೋಣ ಎಂದು ಮೊದಲು ಯೋಚಿಸಿದೆ. ಆದರೆ ಈ ವರ್ಷ ನಾನೇ ಒಂದು ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದೆ. ಅದೂ ವರ್ಷ ವರ್ಷವೂ ನಿಮಗೆ ಪಾಠ ಮಾಡುವ ವಿಷಯದಲ್ಲೇ. ಆ ತಪ್ಪಿನಿಂದ ಕಲಿತದ್ದನ್ನು ಬರೆದರೆ ಒಳ್ಳೆಯದು ಅನ್ನಿಸಿತು. ವಿಷಯ ಚಿಕ್ಕದು: ಕೌದಿ ಹೊಲಿಯುವಾಗ ಬಟ್ಟೆಯ ಮೇಲೆ ಗುರುತು ಹಾಕುವುದು, ಹೊಲಿದಾದ ಮೇಲೆ ಅದನ್ನು ಅಳಿಸುವುದು.

ಅಮ್ಮಿಯ ಕೌದಿ

ನಾನು ಹುಟ್ಟಿ ಬೆಳೆದದ್ದು ಕುಣಿಗಲ್‌ನಲ್ಲಿ. ಮದುವೆಯಾಗಿ ಬಂದದ್ದು ಗುಬ್ಬಿಗೆ. ಪಾಠ ಮಾಡುವುದು ತುಮಕೂರಿನಲ್ಲಿ. ಕುಣಿಗಲ್‌ನ ನಮ್ಮ ಮನೆಯಲ್ಲಿ ಅಮ್ಮಿ ಪ್ರತಿ ಬೇಸಿಗೆ ಒಂದಾದರೂ ಕೌದಿ ಹೊಲಿಯುತ್ತಿದ್ದರು. ಮನೆಮಾತಿನಲ್ಲಿ ನಾವು ಅದನ್ನು ಗೋದಡಿ ಎನ್ನುತ್ತೇವೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ರನ್ನಿಂಗ್ ಸ್ಟಿಚ್ ಹಾಕಿದರೆ ಕೌದಿ. ಹೊಲಿಗೆಯ ಸಾಲುಗಳು ಅಂದಕ್ಕಾಗಿ ಮಾತ್ರ ಅಲ್ಲ. ಒಳಗಿನ ಪದರಗಳು ಜರುಗಿ ಮುದ್ದೆಯಾಗದಂತೆ ಹಿಡಿದಿಡುವುದು ಆ ಸಾಲುಗಳೇ.

ಅಮ್ಮಿ ಎಂದೂ ಪೆನ್ನು, ಪೆನ್ಸಿಲ್ ಹಿಡಿದು ಗೀಟು ಹಾಕಿದವರಲ್ಲ. ಮೊದಲ ಸಾಲನ್ನು ಅಂಚಿನ ಪಕ್ಕದಲ್ಲಿ ಹೊಲಿಯುತ್ತಿದ್ದರು. ಎರಡನೆಯ ಸಾಲಿಗೆ ಮೊದಲನೆಯದೇ ಗುರುತು. ನಡುವೆ ಎಡಗೈ ಹೆಬ್ಬೆರಳಿನ ಅಗಲ ಬಿಡುತ್ತಿದ್ದರು. ನೂರು ಸಾಲು ಹೊಲಿದರೂ ಅಂತರ ಹೆಚ್ಚುಕಡಿಮೆ ಆಗುತ್ತಿರಲಿಲ್ಲ.

ಅವರು ಕೊನೆಯದಾಗಿ ಶುರು ಮಾಡಿದ ಕೌದಿ ನನ್ನ ಮಗಳಿಗಾಗಿ. ಸುತ್ತಲೂ ಬಣ್ಣದ ತುಂಡುಗಳನ್ನು ಜೋಡಿಸಿ ಮುಗಿಸಿದ್ದರು. ನಡುವೆ ಒಂದು ಬಿಳಿ ಚೌಕ ಇಟ್ಟಿದ್ದರು. ಅದು ಅವರು ನಮಾಜಿನ ಹೊತ್ತಿಗೆ ಹೊದೆಯುತ್ತಿದ್ದ ಮಲ್ ಬಟ್ಟೆಯ ಓಢನಿಯಿಂದ ಕತ್ತರಿಸಿದ್ದು. ಆ ಚೌಕದಲ್ಲಿ ಏನು ಹೊಲಿಯಬೇಕೆಂದಿದ್ದರೋ, ಹೇಳುವ ಮೊದಲೇ ಹೊರಟುಹೋದರು. ಮಗಳು ಓದಲು ಬೇರೆ ಊರಿನ ಹಾಸ್ಟೆಲ್‌ಗೆ ಹೋಗುವ ವರ್ಷ ಬಂತು. ಹೋಗುವಾಗ ನಾನಿಯ ಕೌದಿ ಬೇಕು ಎಂದಳು. ನಾನು ಮುಗಿಸಿಕೊಡುತ್ತೇನೆ ಎಂದೆ.

ನಾನು ಮಾಡಿದ್ದು

ಬಿಳಿ ಚೌಕದಲ್ಲಿ ಒಂದು ಹಲಸಿನ ಎಲೆ ಹೊಲಿಯೋಣ ಎಂದುಕೊಂಡೆ. ಗುಬ್ಬಿಯ ಮನೆ ಹಿತ್ತಲಿನ ಮರದಿಂದ ಎಲೆ ಕಿತ್ತು ತಂದು ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದೆ. ಅಮ್ಮಿಯ ಹೆಬ್ಬೆರಳು ನನಗಿರಲಿಲ್ಲ, ಆದ್ದರಿಂದ ಗೆರೆ ಬೇಕಾಗಿತ್ತು. ಬಳಸಿದ್ದು ನೀರಿಗೆ ಅಳಿಸುವ ನೀಲಿ ಪೆನ್ನು. ನೋಡಲು ಸ್ಕೆಚ್ ಪೆನ್ನಿನಂತೆಯೇ ಇರುತ್ತದೆ. ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಬಟ್ಟೆ ಮುದುರಿತ್ತು. ಪದರಗಳು ಸಮನಾಗಲಿ ಎಂದು ಮೇಲೊಮ್ಮೆ ಇಸ್ತ್ರಿ ಆಡಿಸಿದೆ. ನೀಲಿ ಗೆರೆ ಮಂಕಾಗಿ, ಬಹುಪಾಲು ಮಾಯವೇ ಆಯಿತು. ಒಳ್ಳೆಯದೇ ಆಯಿತು, ಅಳಿಸುವ ಕೆಲಸ ಉಳಿಯಿತು ಎಂದುಕೊಂಡೆ. ಉಳಿದ ಮಂಕು ಗೆರೆಯ ಮೇಲೆಯೇ ಅರ್ಧ ಎಲೆ ಹೊಲಿದೆ. ಎರಡು ವಾರ ಬಿಟ್ಟು ಬಟ್ಟೆಯನ್ನು ಬಿಸಿನೀರಿನಲ್ಲಿ ಸೋಪುಪುಡಿ ಹಾಕಿ ನೆನೆಸಿ ಒಗೆದೆ. ಒಣಗಿದ ಮೇಲೆ ನೋಡಿದರೆ ಬಿಳಿ ಚೌಕದ ನಡುವೆ ಇಡೀ ಎಲೆಯ ಆಕಾರ ಕಂದು ಬಣ್ಣದಲ್ಲಿ ಎದ್ದು ಬಂದಿತ್ತು. ಹೊಲಿದ ಕಡೆಯೂ, ಹೊಲಿಯದ ಕಡೆಯೂ.

ಪೆನ್ನಿನ ಪ್ಯಾಕೆಟ್ಟನ್ನು ಹುಡುಕಿ ತೆಗೆದು ಓದಿದೆ. ಅಳಿಸುವ ಮೊದಲು ಇಸ್ತ್ರಿ ಮಾಡಬೇಡಿ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಲ್ಯಾಬಿನಲ್ಲಿ ಬಾಟಲಿಯ ಲೇಬಲ್ ಓದದೆ ಮುಚ್ಚಳ ತೆಗೆಯಬೇಡಿ ಎಂದು ನಿಮ್ಮನ್ನು ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಆ ದಿನ ಗದರಿಸಲು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಪಾಠದ ಮೊದಲ ವಾಕ್ಯ

ಇಲ್ಲಿಂದ ಪಾಠ ಶುರು. ಇದನ್ನು ನೋಟ್ಸಿನಲ್ಲಿ ಬರೆದುಕೊಳ್ಳಿ: ಕಾಣದಂತಾಗುವುದು ಬೇರೆ, ಇಲ್ಲದಂತಾಗುವುದು ಬೇರೆ.

ಬಣ್ಣ ಎನ್ನುವುದು ಅಣುವಿನ ಒಂದು ಸ್ಥಿತಿ. ಸ್ಥಿತಿ ಬದಲಾದರೆ ಬಣ್ಣ ಹೋಗಬಹುದು, ಆದರೆ ವಸ್ತು ಎಳೆಯಲ್ಲೇ ಉಳಿದಿರಬಹುದು. ಇಸ್ತ್ರಿಯ ಬಿಸಿಗೆ ನನ್ನ ನೀಲಿ ಗೆರೆ ಮಂಕಾಯಿತು, ಬಟ್ಟೆಯಿಂದ ಹೊರಗೆ ಹೋಗಲಿಲ್ಲ. ಬಿಸಿಯಿಂದ ಬದಲಾಗಿ ಎಳೆಗೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿತು.

ಕೌದಿಯ ಗುರುತಿನಿಂದ ನಾವು ಬಯಸುವುದು ಒಂದಕ್ಕೊಂದು ವಿರುದ್ಧವಾದ ಎರಡು ಗುಣಗಳನ್ನು. ಹೊಲಿದು ಮುಗಿಯುವ ತನಕ ಕೈ ಸೋಕಿದರೂ, ಮಡಚಿಟ್ಟರೂ ಅದು ಉಳಿಯಬೇಕು. ಮುಗಿದ ದಿನ ಪೂರ್ತಿ ಹೋಗಬೇಕು. ಕೌದಿ ಒಂದು ದಿನದ ಕೆಲಸವಲ್ಲ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಆದ್ದರಿಂದ ಯಾವ ಗುರುತು ಎನ್ನುವ ಪ್ರಶ್ನೆಯ ಜೊತೆಗೇ ಅದನ್ನು ಯಾವುದರಿಂದ, ಯಾವಾಗ ತೆಗೆಯುತ್ತೇನೆ ಎಂದೂ ಕೇಳಿಕೊಳ್ಳಬೇಕು.

ಗುರುತೇ ಬೇಡದವರು, ಗುರುತು ಬೇಕಾದವರು

ಗುರುತೇ ಹಾಕದಿದ್ದರೆ ಅಳಿಸುವ ಕಷ್ಟವೇ ಇಲ್ಲ. ನಮ್ಮ ಕರ್ನಾಟಕದಲ್ಲಿ ಅಂಥ ಎರಡು ದೊಡ್ಡ ಕಲೆಗಳಿವೆ.

ಒಂದು, ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ. ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ, ಮೂವರೂ ಕೌದಿ ಹೊಲಿಯುತ್ತಾರೆ. ಅವರು ಅಂಚಿನಿಂದ ಶುರು ಮಾಡುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಇಡುತ್ತ, ಹೊಲಿಯುತ್ತ, ಸುತ್ತು ಸುತ್ತಾಗಿ ಒಳಗೆ ಸಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಚಿದ ಚಿಕ್ಕ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು ಎಂದು ಹೆಸರು. ಹಿಂದಿನ ಸುತ್ತೇ ಮುಂದಿನ ಸುತ್ತಿಗೆ ದಾರಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಹೊರಜಗತ್ತಿಗೆ ಪರಿಚಯಿಸಿದ್ದಾರೆ. ಅದನ್ನು ಓದಿದಾಗ ನನಗೆ ಅಮ್ಮಿಯ ಹೆಬ್ಬೆರಳು ನೆನಪಾಯಿತು.

ಎರಡು, ಧಾರವಾಡ ಕಡೆಯ ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು ಅದರಲ್ಲಿವೆ. ಗೋಪುರ, ತೇರು, ಆನೆ ಎಲ್ಲವೂ ಬರುತ್ತವೆ. ಆದರೆ ಬಟ್ಟೆಯ ಮೇಲೆ ಚಿತ್ರ ಬರೆಯುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೊಲಿಯುತ್ತಾರೆ. ಬಟ್ಟೆಯೇ ಅವರಿಗೆ ಗ್ರಾಫ್ ಕಾಗದ. ಕಸೂತಿಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು.

ಗುರುತು ಬೇಕೇ ಬೇಕು ಎನ್ನುವ ಕಲೆಗಳೂ ಇವೆ. ಲಕ್ನೋದ ಚಿಕನ್ ಕಸೂತಿಯಲ್ಲಿ ಮೊದಲು ಮರದ ಅಚ್ಚಿನಿಂದ ನೀಲಿಯ ಬಣ್ಣದಲ್ಲಿ ಚಿತ್ರ ಒತ್ತುತ್ತಾರೆ. ಅದರ ಮೇಲೆ ಸೂಜಿ ಕೆಲಸ. ಹೊಲಿಗೆ ಮುಗಿದ ಮೇಲೆ ಬಟ್ಟೆ ದೋಬಿಗಳ ಕೈಗೆ ಹೋಗುತ್ತದೆ. ಒಗೆದಾಗ ನೀಲಿ ಹೋಗಿ ಹೊಲಿಗೆ ಮಾತ್ರ ಉಳಿಯುತ್ತದೆ. ಒಗೆಯುವುದು ಅಲ್ಲಿ ಕಲೆಯದೇ ಒಂದು ಭಾಗ, ಮೊದಲೇ ಯೋಚಿಸಿಟ್ಟ ಹಂತ.

ಜರ್ದೋಸಿ, ಆರಿ ಕೆಲಸದವರು ಖಾಕಾ ಬಳಸುತ್ತಾರೆ. ಟ್ರೇಸಿಂಗ್ ಕಾಗದದ ಮೇಲೆ ಚಿತ್ರ ಬರೆದು ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಪುಡಿಯನ್ನು ಅಥವಾ ಬಿಳಿ ಜಿಂಕ್ ಪುಡಿಯನ್ನು ಬಟ್ಟೆಯ ಉಂಡೆಯಿಂದ ಸವರುತ್ತಾರೆ. ತೂತುಗಳ ಮೂಲಕ ಚಿತ್ರ ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ. ತಿಳಿ ಬಟ್ಟೆಗೆ ನೀಲಿ, ಗಾಢ ಬಟ್ಟೆಗೆ ಬಿಳಿ. ಖಾಕ್ ಎಂದರೆ ಉರ್ದುವಿನಲ್ಲಿ ಮಣ್ಣು, ಧೂಳು. ನಮ್ಮ ಪೊಲೀಸರ ಖಾಕಿಯೂ ಅದೇ ಮಾತಿನಿಂದ ಬಂದದ್ದು. ಒಂದು ಎಚ್ಚರಿಕೆ: ಸೀಮೆಎಣ್ಣೆಗೆ ಬೇಗ ಬೆಂಕಿ ಹತ್ತುತ್ತದೆ. ಹಾಸ್ಟೆಲ್ ಕೋಣೆಯಲ್ಲಿ, ಒಲೆಯ ಅಥವಾ ಇಸ್ತ್ರಿಯ ಹತ್ತಿರ ಇದನ್ನು ಮಾಡಬೇಡಿ.

ಯಾವ ಗುರುತು ಹೇಗೆ ಹೋಗುತ್ತದೆ?

ಈಗ ಒಂದೊಂದಾಗಿ ನೋಡೋಣ.

1. ಪೆನ್ಸಿಲ್. ಇದರಲ್ಲಿರುವುದು ಗ್ರಾಫೈಟ್, ಅಂದರೆ ಇಂಗಾಲ. ಪದರ ಪದರವಾಗಿರುವುದರಿಂದ ಸುಲಭವಾಗಿ ಜಾರಿ ಕಾಗದಕ್ಕೂ ಬಟ್ಟೆಗೂ ಅಂಟುತ್ತದೆ. ನೀರು, ಸ್ಪಿರಿಟ್, ಪೆಟ್ರೋಲ್ ಯಾವುದರಲ್ಲೂ ಕರಗುವುದಿಲ್ಲ. ಆದ್ದರಿಂದ ಇದನ್ನು ತೆಗೆಯಲು ಉಜ್ಜುವುದೊಂದೇ ದಾರಿ. ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಆಮೇಲೆ ಸೋಪು ನೀರಿನಲ್ಲಿ ಒಗೆಯಬೇಕು. ಮೆತ್ತನೆಯ 2ಬಿ ಪೆನ್ಸಿಲ್ ಬೇಡ. ಗಟ್ಟಿ 2ಎಚ್ ಪೆನ್ಸಿಲ್ಲಿನಿಂದ, ಚೂಪು ಮಾಡಿ, ಒತ್ತದೆ ಗೆರೆ ಎಳೆದರೆ ಎಳೆಗಳ ನಡುವೆ ಕಡಿಮೆ ಪುಡಿ ಇಳಿಯುತ್ತದೆ.

2. ಟೈಲರ್ ಚಾಕ್. ಇದರಲ್ಲಿ ಎರಡು ಬಗೆ. ಒಂದು ಪುಡಿಯಾಗುವ, ಬಳಪದ ಕಲ್ಲಿನಂಥ ಚಾಕ್. ಕೊಡವಿದರೆ, ಬ್ರಷ್ ಮಾಡಿದರೆ ಹೋಗುತ್ತದೆ. ಇನ್ನೊಂದು ಮೇಣ ಸೇರಿಸಿದ್ದು, ನುಣುಪಾಗಿರುತ್ತದೆ. ಇದರ ಮೇಲೆ ಇಸ್ತ್ರಿ ಇಟ್ಟರೆ ಮೇಣ ಕರಗಿ ಎಳೆಯೊಳಗೆ ಇಂಗಿ ಎಣ್ಣೆಕಲೆಯಂತೆ ಉಳಿಯಬಹುದು. ಬಣ್ಣದ ಚಾಕ್‌ಗಳ ಬಣ್ಣವೂ ತಿಳಿ ಬಟ್ಟೆಗೆ ಕಚ್ಚಬಹುದು. ಬಿಳಿಯದೇ ಕ್ಷೇಮ.

3. ಸೋಪಿನ ಚೂರು. ಇದನ್ನು ನನಗೆ ನೆನಪಿಸಿದ್ದು ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿನಿ. ನನ್ನ ಕಥೆ ಕೇಳಿ, ಮಿಸ್, ನಮ್ಮಮ್ಮ ಸವೆದ ಸೋಪಿನ ಚೂರಿನಲ್ಲೇ ಗೀಟು ಹಾಕುತ್ತಾರೆ, ಪೆನ್ನಿಗೆ ದುಡ್ಡು ಕೊಡುವುದಿಲ್ಲ ಎಂದಳು. ಅವಳ ತಾಯಿ ಬಟ್ಟೆ ಹೊಲಿದು ಮನೆ ನಡೆಸುವವರು. ಒಣಗಿದ ಬಿಳಿ ಸೋಪಿನ ತೆಳು ಅಂಚು ಗಾಢ ಬಣ್ಣದ ಬಟ್ಟೆಯ ಮೇಲೆ ಚೊಕ್ಕವಾದ ಗೆರೆ ಕೊಡುತ್ತದೆ. ನೀರಿನಲ್ಲಿ ಕರಗಿ ಹೋಗುತ್ತದೆ. ಇಲ್ಲಿ ಗುರುತೂ ಸೋಪೇ, ಅಳಿಸುವುದೂ ಸೋಪೇ. ಆದರೆ ಒಂದು ಮಾತು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತವೆ. ಹತ್ತನೇ ತರಗತಿಯಲ್ಲಿ ಓದಿದ್ದೀರಿ. ಕಪ್ಪು ಬಟ್ಟೆಯ ಮೇಲೆ ಆ ಗಸಿ ಮಬ್ಬಾಗಿ ಕಾಣುತ್ತದೆ. ಮಳೆನೀರು ಅಥವಾ ಮೆದು ನೀರು ಸಿಕ್ಕರೆ ಅದರಲ್ಲಿ ಜಾಲಿಸಿ.

4. ನೀಲಿಪುಡಿ. ಹಳೆಯ ಕಾಲದ ನೀಲಿಪುಡಿ ಅಲ್ಟ್ರಾಮರೀನ್ ಎಂಬ ವರ್ಣಕ. ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತದೆ. ಬಟ್ಟೆಯ ಮೇಲೆ ಕೂರುತ್ತದೆಯೇ ಹೊರತು ಎಳೆಯೊಂದಿಗೆ ಬೆರೆಯುವುದಿಲ್ಲ. ಚೆನ್ನಾಗಿ ಒಗೆದರೆ ಹೋಗುತ್ತದೆ. ಬಾಟಲಿಯಲ್ಲಿ ಬರುವ ದ್ರವ ನೀಲಿ ಬೇರೆ. ಅದು ಕರಗಿದ ಬಣ್ಣ, ಹತ್ತಿಗೆ ಅಂಟಿಕೊಳ್ಳುವುದಕ್ಕೆಂದೇ ಮಾಡಿದ್ದು. ಅದರಿಂದ ಗುರುತು ಹಾಕಬೇಡಿ.

5. ನೀರಿಗೆ ಅಳಿಸುವ ನೀಲಿ ಪೆನ್ನು. ನನ್ನನ್ನು ಕೆಡಿಸಿದ್ದು ಪೆನ್ನಲ್ಲ, ನನ್ನ ಅವಸರ. ಸರಿಯಾದ ಕ್ರಮ ಹೀಗೆ: ಇಸ್ತ್ರಿ ಇಲ್ಲ, ಬಿಸಿನೀರಿಲ್ಲ, ಮೊದಲಿಗೆ ಸೋಪೂ ಇಲ್ಲ. ಬರಿಯ ತಣ್ಣೀರಿನಲ್ಲಿ ಬಟ್ಟೆಯನ್ನು ಪೂರ್ತಿ ಮುಳುಗಿಸಿ ಜಾಲಿಸಬೇಕು. ಗೆರೆಯ ಮೇಲೆ ಒಂದಿಷ್ಟು ನೀರು ಚಿಮುಕಿಸಿದರೆ ಬಣ್ಣ ಒಳಗಿನ ಪದರಕ್ಕೆ ಇಳಿದು ಅಡಗುತ್ತದೆ, ಒಣಗುವಾಗ ಮತ್ತೆ ಮೇಲೆ ಬರುತ್ತದೆ. ಬಟ್ಟೆಯನ್ನು ಬಿಸಿಲಿಗೆ ಕಾದ ಕಾರಿನಲ್ಲಿ, ಕಿಟಕಿಯ ಪಕ್ಕದಲ್ಲಿ ಇಡುವುದೂ ಬೇಡ.

6. ತಾನಾಗಿ ಮಾಯವಾಗುವ ನೇರಳೆ ಪೆನ್ನು. ಹೊಲಿಗೆ ಬೇಗ ಮುಗಿಯುವಂತಿದ್ದರೆ ಮಾತ್ರ ಇದು. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಗೆರೆ ಹೋಗಿಬಿಡುತ್ತದೆ. ಮಾಯವಾಗುವ ಶಾಯಿಯ ಪ್ರಯೋಗವನ್ನು ನಾವು ಲ್ಯಾಬಿನಲ್ಲಿ ಥೈಮಾಲ್‌ಫ್ಥಲೀನ್ ಸೂಚಕದಿಂದ ಮಾಡಿ ತೋರಿಸುತ್ತೇವೆ. ಪಿಎಚ್ 10ರ ಆಚೆಗೆ ಅದು ನೀಲಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ತಗಲಿ ಪಿಎಚ್ ಇಳಿದರೆ ಬಣ್ಣ ಹೋಗುತ್ತದೆ. ಅದೇ ಬಟ್ಟೆಯನ್ನು ಸೋಡಾ ನೀರಿನಲ್ಲಿ ಅದ್ದಿದರೆ ನೀಲಿ ಮರಳುತ್ತದೆ! ಸೂಚಕ ಎಲ್ಲಿಗೂ ಹೋಗಿರಲಿಲ್ಲ. ಆದ್ದರಿಂದ ಗೆರೆ ಕಾಣದಿದ್ದರೂ ತಣ್ಣೀರಿನಲ್ಲಿ ಒಮ್ಮೆ ಜಾಲಿಸಿಯೇ ಮುಂದಿನ ಕೆಲಸ.

7. ಬಿಸಿಗೆ ಅಳಿಸುವ ಪೆನ್ನು. ನೋಟ್‌ಬುಕ್ಕಿನಲ್ಲಿ ಬರೆದು ಉಜ್ಜಿ ಅಳಿಸುವ ಪೆನ್ನು ನಿಮ್ಮಲ್ಲಿ ಹಲವರ ಬಳಿ ಇದೆ. ಉಜ್ಜಿದಾಗ ಹುಟ್ಟುವ ಬಿಸಿಯೇ ಬಣ್ಣ ತೆಗೆಯುವುದು. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಶಾಯಿ ಬಣ್ಣ ಕಳೆದುಕೊಳ್ಳುತ್ತದೆ. ಇಸ್ತ್ರಿ ಸೋಕಿಸಿದರೆ ಬಟ್ಟೆಯ ಮೇಲಿನ ಗೆರೆಯೂ ಹೋಗುತ್ತದೆ. ಆದರೆ ಮೈನಸ್ 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದು ಮರಳಿ ಬರುತ್ತದೆ. ನಂಬಿಕೆ ಬರದಿದ್ದರೆ ಇಸ್ತ್ರಿ ಮಾಡಿದ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರಿಜ್ಜಿನ ಫ್ರೀಜರ್‌ನಲ್ಲಿಡಿ. ತುಮಕೂರಿನ ಚಳಿಗೆ ಭಯವಿಲ್ಲ. ಆದರೆ ಆ ಕೌದಿಯನ್ನು ಕಾರ್ಗಿಲ್ ಕಡೆಯ ದ್ರಾಸ್‌ನಲ್ಲಿರುವ ಸೈನಿಕನಿಗೆ ಕಳಿಸಿದರೆ ಗೆರೆಗಳು ಮತ್ತೆ ಎದ್ದು ಬರಬಹುದು. ಗಾಢ ಬಟ್ಟೆಯ ಮೇಲೆ ಬಿಳಿಚಿದ ಗೆರೆ ಉಳಿಯುವುದೂ ಉಂಟು.

8. ಬಾಲ್‌ಪೆನ್, ಅರಿಶಿನ. ಎರಡೂ ಬೇಡ. ಬಾಲ್‌ಪೆನ್ ಶಾಯಿ ಎಣ್ಣೆಯಂಥ ದ್ರವದಲ್ಲಿ ಕರಗಿದ ಬಣ್ಣ. ಸ್ಯಾನಿಟೈಸರ್ ಹಚ್ಚಿದರೆ ಕರಗುತ್ತದೆ, ಕರಗಿ ಅಗಲವಾಗಿ ಹರಡುತ್ತದೆ. ಅರಿಶಿನದ ಕರ್ಕ್ಯುಮಿನ್ ಹತ್ತಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಸೋಪು ತಗಲಿದರೆ ಕೆಂಪಾಗುತ್ತದೆ, ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಬಿಸಿಲಿಗೆ ಮಾತ್ರ ನಿಧಾನವಾಗಿ ಮಾಸುತ್ತದೆ.

9. ಬಣ್ಣವೇ ಇಲ್ಲದ ಗುರುತು. ಇದು ನನಗೆ ಈಗ ಎಲ್ಲಕ್ಕಿಂತ ಇಷ್ಟ. ಬಟ್ಟೆಯನ್ನು ಮಡಚಿ ಉಗುರಿನಿಂದ ಒತ್ತಿದರೆ ನೇರವಾದ ನಿರಿಗೆ ಬೀಳುತ್ತದೆ. ಚಮಚದ ಹಿಂಬದಿಯ ಅಂಚಿನಿಂದ ಸ್ಕೇಲಿನ ಪಕ್ಕ ಒತ್ತಿ ಎಳೆದರೂ ಗೆರೆ ಕಾಣುತ್ತದೆ. ಜಪಾನಿನಲ್ಲಿ ಇದಕ್ಕೆಂದೇ ಹೆರಾ ಎಂಬ ಮೊಂಡು ಅಂಚಿನ ಸಾಧನವಿದೆ. ಹತ್ತಿ ಬಟ್ಟೆಯಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ, ಪಾಲಿಸ್ಟರ್‌ನಲ್ಲಿ ನಿಲ್ಲುವುದಿಲ್ಲ. ವೃತ್ತ ಬೇಕಾದರೆ ಬಳೆ ಇಟ್ಟು ಸುತ್ತ ಒತ್ತಿ. ಒಂದು ಬಳೆಯ ಸುತ್ತ ಅದೇ ಅಳತೆಯ ಬಳೆಗಳನ್ನು ತಾಗಿಸಿಟ್ಟರೆ ಸರಿಯಾಗಿ 6 ಹಿಡಿಯುತ್ತವೆ. ಏಕೆ ಎಂದು ಗಣಿತದ ಮೇಷ್ಟ್ರನ್ನು ಕೇಳಿ. ನೇರ ಸಾಲಿಗೆ ಕಾಗದದ ಟೇಪನ್ನೂ ಅಂಟಿಸಬಹುದು. ಆದರೆ ಕೆಲಸ ನಿಲ್ಲಿಸಿದಾಗ ಕಿತ್ತುಬಿಡಿ, ದಿನಗಟ್ಟಲೆ ಬಿಟ್ಟರೆ ಅಂಟು ಉಳಿಯುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಯಾವ ಗುರುತನ್ನೂ ನನ್ನ ಮಾತು ಕೇಳಿ ನಂಬಬೇಡಿ. ಬಟ್ಟೆ, ಶಾಯಿ, ನೀರು ಎಲ್ಲವೂ ಮನೆಯಿಂದ ಮನೆಗೆ ಬೇರೆ. ಪರೀಕ್ಷಿಸಿ ನೋಡಿ.

ಮೊದಲ ಹಂತ: ನೀವು ಹೊಲಿಯಲಿರುವ ಬಟ್ಟೆಯದೇ ತುಂಡನ್ನು ತೆಗೆದುಕೊಳ್ಳಿ. ಹೊಸ ಬಟ್ಟೆಯಾದರೆ ಒಗೆದು ಗಂಜಿ ತೆಗೆಯಿರಿ. ಗಂಜಿ ಇದ್ದಾಗಿನ ಫಲಿತಾಂಶ ಬೇರೆ, ಹೋದ ಮೇಲಿನದು ಬೇರೆ.

ಎರಡನೆಯ ಹಂತ: ಬಳಸಬೇಕೆಂದಿರುವ ಪ್ರತಿಯೊಂದು ಸಾಧನದಿಂದ ಒಂದೊಂದು ಗೆರೆ ಎಳೆಯಿರಿ. ಪಕ್ಕದಲ್ಲಿ ದಾರದಿಂದ 1, 2, 3 ಎಂದು ಹೊಲಿದು ಗುರುತಿಸಿ. ಪೆನ್ನಿನಲ್ಲಿ ಸಂಖ್ಯೆ ಬರೆದರೆ ಅದೂ ಅಳಿಸಿಹೋದೀತು!

ಮೂರನೆಯ ಹಂತ: ತುಂಡನ್ನು ನಾಲ್ಕು ಭಾಗ ಮಾಡಿ. ಒಂದನ್ನು ಮರುದಿನವೇ ತಣ್ಣೀರಿನಲ್ಲಿ ಜಾಲಿಸಿ. ಎರಡನೆಯದನ್ನು 10 ದಿನ ಬಿಟ್ಟು ಜಾಲಿಸಿ. ಮೂರನೆಯದನ್ನು ಮೊದಲು ಇಸ್ತ್ರಿ ಮಾಡಿ, ಆಮೇಲೆ ಒಗೆಯಿರಿ. ನಾಲ್ಕನೆಯದನ್ನು ಏನೂ ಮಾಡದೆ ಹಾಗೇ ಇಟ್ಟುಕೊಳ್ಳಿ, ಹೋಲಿಸಿ ನೋಡಲು. ಪ್ರಯೋಗದಲ್ಲಿ ಇಂಥದ್ದನ್ನು ನಿಯಂತ್ರಣ ಮಾದರಿ ಎನ್ನುತ್ತೇವೆ.

ನಾಲ್ಕನೆಯ ಹಂತ: ಎಲ್ಲವನ್ನೂ ಒಣಗಿಸಿ ಹಗಲು ಬೆಳಕಿನಲ್ಲಿ ನೋಡಿ. ಒದ್ದೆ ಬಟ್ಟೆಯಲ್ಲಿ ಕಲೆ ಅಡಗಿರುತ್ತದೆ. ಕಂಡದ್ದನ್ನು ಬರೆದಿಡಿ.

ನಾನು ಇದನ್ನು ಮಾಡಿದ್ದು ಕಲೆಯಾದ ಮೇಲೆ. ಮನೆಯ ಹಳೆಯ ಬಿಳಿ ತಲೆದಿಂಬಿನ ಚೀಲವೊಂದನ್ನು ಕತ್ತರಿಸಿ ಮಾಡಿದೆ. ಇಸ್ತ್ರಿ ಮಾಡಿದ ಭಾಗದಲ್ಲಿ ಅದೇ ಕಂದು ಗೆರೆ ಬಂತು. ಇಸ್ತ್ರಿ ಸೋಕದ ಭಾಗಗಳಲ್ಲಿ ಅದೇ ಪೆನ್ನಿನ ಗೆರೆ ತಣ್ಣೀರಿಗೆ ಪೂರ್ತಿ ಹೋಗಿತ್ತು, 10 ದಿನ ಬಿಟ್ಟದ್ದರಲ್ಲೂ. ಈ ಪರೀಕ್ಷೆಗೆ ತಗಲಿದ ಖರ್ಚು ಸೊನ್ನೆ. ಸಮಯ 10 ದಿನ, ಕೆಲಸ ಅರ್ಧ ಗಂಟೆ.

ಮುಗಿಸಿದ್ದು ಹೇಗೆ

ಕಲೆಯಾದ ಬಟ್ಟೆಯನ್ನು ತಣ್ಣೀರಿನಲ್ಲಿ ಮೂರು ರಾತ್ರಿ ನೆನೆಸಿದೆ. ಕಂದು ಸ್ವಲ್ಪ ತಿಳಿಯಾಯಿತು, ಹೋಗಲಿಲ್ಲ. ಒಂದು ಸಂಜೆ ಬ್ಲೀಚ್ ಬಾಟಲಿ ಕೈಗೆ ತೆಗೆದುಕೊಂಡೆ. ಆಮೇಲೆ ಯೋಚಿಸಿದೆ. ಬ್ಲೀಚ್ ಎಂದರೆ ಸೋಡಿಯಂ ಹೈಪೋಕ್ಲೋರೈಟ್. ಅದು ಕಲೆಯನ್ನಷ್ಟೇ ಅಲ್ಲ, ಹತ್ತಿಯ ಸೆಲ್ಯುಲೋಸನ್ನೂ ತಿನ್ನುತ್ತದೆ. ವರ್ಷಗಟ್ಟಲೆ ಒಗೆದು ಒಗೆದು ಸವೆದ ಮಲ್ ಬಟ್ಟೆ ಅದನ್ನು ತಾಳುವುದಿಲ್ಲ. ಸುತ್ತಲಿನ ಬಣ್ಣದ ತುಂಡುಗಳೂ ಹೋಗುತ್ತವೆ. ಕಲೆ ಹೋಗಿ ಅಮ್ಮಿಯ ಓಢನಿಯೇ ಹರಿದರೆ ಗೆದ್ದದ್ದೇನು? ಬಾಟಲಿಯನ್ನು ಮತ್ತೆ ಮೇಲಿಟ್ಟೆ. ಬೇರೆ ಬಿಳಿ ಬಟ್ಟೆ ತಂದು ಚೌಕ ಬದಲಿಸೋಣವೇ ಎಂದು ಮಗಳನ್ನು ಕೇಳಿದೆ. ಬೇಡ, ನಾನಿಯದೇ ಇರಲಿ ಎಂದಳು.

ಕಂದು ಗೆರೆಯ ಮೇಲೆ ಹಸಿರು ದಾರದಿಂದ ಎಲೆಯನ್ನು ಹೊಲಿದು ಮುಗಿಸಿದೆ. ಗೆರೆ ಅಗಲ, ದಾರ ತೆಳು. ಹತ್ತಿರದಿಂದ ನೋಡಿದರೆ ಎರಡೂ ಬದಿ ಕಂದು ಕಾಣುತ್ತದೆ. ಎಲೆಯ ಸುತ್ತಲಿನ ಸಾಲುಗಳಿಗೆ ಯಾವ ಪೆನ್ನೂ ಮುಟ್ಟಿಸಲಿಲ್ಲ. ಮೊದಲ ಸಾಲನ್ನು ಎಲೆಯ ಪಕ್ಕ ಹೊಲಿದು, ಎಡಗೈ ಹೆಬ್ಬೆರಳಿಟ್ಟು, ಎರಡನೆಯದನ್ನು ಹೊಲಿದೆ. ಮೊದಲ ಹತ್ತು ಸಾಲು ಸೊಟ್ಟ. ಆಮೇಲೆ ಕೈ ಕಲಿಯಿತು. ಮಗಳು ಈಗ ಆ ಕೌದಿಯನ್ನೇ ಹೊದೆದು ಮಲಗುತ್ತಾಳೆ.

ವಿದ್ಯಾರ್ಥಿಗಳೇ, ನೀವು ಹೊಲಿಯುವವರಾದರೂ ಅಲ್ಲದಿದ್ದರೂ ಈ ಪಾಠದಲ್ಲಿ ಎರಡು ಮಾತು ಇಟ್ಟುಕೊಳ್ಳಿ. ಬೆಲೆಬಾಳುವ ಬಟ್ಟೆಯ ಮೇಲೆ ಕೈ ಇಡುವ ಮುನ್ನ ಚಿಂದಿಯ ಮೇಲೆ ಪ್ರಯೋಗ ಮಾಡಿ. ಮತ್ತು ಕಣ್ಣಿಗೆ ಕಾಣದ್ದನ್ನು ಇಲ್ಲ ಎಂದು ಅವಸರದಲ್ಲಿ ತೀರ್ಮಾನಿಸಬೇಡಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಗ್ರಾಫೈಟ್ ಯಾವ ದ್ರಾವಕದಲ್ಲೂ ಕರಗದಿರಲು ಅದರ ರಚನೆಯಲ್ಲಿರುವ ಕಾರಣವೇನು?

2. ಗಡಸು ನೀರಿನಲ್ಲಿ ಸೋಪು ಗಸಿಯಾಗುತ್ತದೆ, ಸೋಪುಪುಡಿಯ ಡಿಟರ್ಜೆಂಟ್ ಆಗುವುದಿಲ್ಲ. ಏಕೆ?

3. ಮಾಯವಾದ ಥೈಮಾಲ್‌ಫ್ಥಲೀನ್ ಗೆರೆಯ ಮೇಲೆ ನಿಂಬೆರಸ ಹಾಕಿದರೆ ಏನಾಗುತ್ತದೆ? ಸೋಡಾ ನೀರು ಹಾಕಿದರೆ?

4. ಬಿಸಿಗೆ ಅಳಿಸುವ ಪೆನ್ನಿನ ಗೆರೆ ಫ್ರೀಜರ್‌ನಲ್ಲಿ ಮರಳಿ ಬರುವುದು ಭೌತಿಕ ಬದಲಾವಣೆಯೋ, ರಾಸಾಯನಿಕ ಬದಲಾವಣೆಯೋ? ನಿಮ್ಮ ಉತ್ತರಕ್ಕೆ ಕಾರಣ ಕೊಡಿ.

5. ನಿಮ್ಮ ಮನೆಯಲ್ಲಿ ಕೌದಿ ಹೊಲಿಯುವವರು ಇದ್ದರೆ ಅವರ ಪಕ್ಕ ಕುಳಿತು ನೋಡಿ. ಸಾಲು ನೇರವಾಗಿ ಬರಲು ಅವರು ಏನನ್ನು ಗುರುತಾಗಿ ಇಟ್ಟುಕೊಳ್ಳುತ್ತಾರೆ? ಒಂದು ಪುಟ ಬರೆದು ತನ್ನಿ.

ಪರೀಕ್ಷೆ ಮಾಡಿದ ಬಟ್ಟೆಯ ತುಂಡುಗಳನ್ನು ರಸಾಯನಶಾಸ್ತ್ರ ಲ್ಯಾಬಿಗೆ ತಂದುಕೊಟ್ಟರೆ ಗೋಡೆಯ ಫಲಕದಲ್ಲಿ ಎಲ್ಲವನ್ನೂ ಸಾಲಾಗಿ ಅಂಟಿಸೋಣ. ಮೊದಲನೆಯದು ಈಗಾಗಲೇ ಅಲ್ಲಿದೆ. ನನ್ನ ತಲೆದಿಂಬಿನ ಚೀಲದ ನಾಲ್ಕು ತುಂಡುಗಳು, ಕಂದು ಗೆರೆ ಸಮೇತ.